ಬೆರಳಿಗಂಟಿದ ಹಿಟ್ಟು

ಹುಳಿ ವಾಸನೆ, ಬೆರಳ ಸಂದಿಯದು, ಮತ್ತೊಮ್ಮೆ ಮೂಸಿದ, ಹೌದು, ಹಿಟ್ಟೇ, ತನ್ನದೇ ಕೈ ನಾದಿದ ಬ್ರೆಡ್ಡಿನ ಹಿಟ್ಟು, ಬೇಕರಿಯ ಯಜಮಾನ ಹೆಬ್ಬೆರಳಿನಿಂದ ಒತ್ತಿ ನೋಡಿ ಕೈ ಮರೆತಿಲ್ಲ ಕಣಯ್ಯಾ, ನಾಳೆಯಿಂದ ಕೆಲಸಕ್ಕೆ ಬಾ ಅಂದನಲ್ಲ, ಅಂದೇಬಿಟ್ಟನಲ್ಲ! — ಕೈ ತೊಳ್ಕೋ ಅಂತ ನಲ್ಲಿ ತೋರಿಸಿದರೂ ತೊಳೆಯದೆ ಓಡಿಬಂದಿದ್ದಾನೆ, ಬರೀ ಬಾಯಿಮಾತನ್ನು ಅಕ್ಕ ನಂಬುವುದಿಲ್ಲ, ಯಾಕೆ ನಂಬಬೇಕು, ಕುಡಿದು ಬಂದು ಕುಡಿದಿಲ್ಲ ಅಂತ ಆಣೆ ಇಟ್ಟವನು ತಾನೇ, ಈಗ ಕೈ ನೋಡಲಿ, ಮೂಸಲಿ, ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಎಂಥ ಖುಷಿ, ಯಾರಿಗಾದರೂ ಹೇಳಬೇಕು, ಊರಿಗೆಲ್ಲ ಹೇಳಬೇಕು, ಸ್ವಲ್ಪವೇ ಸ್ವಲ್ಪ, ಇವತ್ತೊಂದು ದಿನ — ತಡಿ, ಇದು ಮನೆಯ ಬೀದಿಯಲ್ಲ, ಔಷಧದಂಗಡಿ ದಾಟಿ ಎಡಕ್ಕೆ ಹೋಗಬೇಕಿತ್ತು, ಕಾಲು ಯಾವಾಗ ಬಲಕ್ಕೆ ತಿರುಗಿತು, ಎದುರಿಗೆ ಬಾರಿನ ಶಟರ್, ಅರ್ಧ ಎತ್ತಿದೆ.

ಅಯ್ಯೋ ಮಂಕೇ, ಇದು ಖುಷಿಯಲ್ಲ, ಖುಷಿಯೇ, ಆದರೆ ಕುಡಿಯೋ ಆಸೆಯೂ ಜೊತೆಗೆ ಸೇರಿಕೊಂಡಿದೆ — ಕುಡಿತ ಬಿಡಿಸೋ ಡಾಕ್ಟರಮ್ಮ ಹೇಳಿರಲಿಲ್ಲವೇ, ಗುಟುಕು ಇಳಿದ ಮೇಲಲ್ಲಪ್ಪ, ಅದಕ್ಕೆ ಮುಂಚೆನೇ ಕುಣಿಯುತ್ತೆ ಮಿದುಳು, ಒಂದು ವಾಸನೆ ಸಾಕು ಅದಕ್ಕೆ, ಇದು ನಿನ್ನ ಕೊಬ್ಬಲ್ಲ, ಅದು ಕಲಿತ ಪಾಠ, ಬೇಗ ಮರೆಯಲ್ಲ, ಮಾತ್ರೆ ಆಸೆಯನ್ನ ತಗ್ಗಿಸುತ್ತೆ, ಕಾಲನ್ನ ನೀನೇ ತಿರುಗಿಸಬೇಕು, ಒಬ್ಬನ ಕೈಲಾಗದಿದ್ರೆ ನಿನ್ನವರನ್ನ ಕೂಗು, ಎಲ್ಲಿ ನಿಂತಿದ್ದೀಯೋ ಅದನ್ನ ಮುಚ್ಚಿಡದೆ ಹೇಳು — ಹುದುಗಿದ ಹಿಟ್ಟಿಗೂ ಆ ಗ್ಲಾಸಿಗೂ ವಾಸನೆಯಲ್ಲಿ ನಂಟಿದೆ, ಮೀಸೆ ಮೂಡಿದಾಗಿನಿಂದ ನಾದಿದವನಿಗೆ ಹೊಳೆಯಬೇಡವೇ, ಸಾಕ್ಷಿಯೆಂದು ಮೂಸುತ್ತ ಬಂದದ್ದೇ ಕೊರಳಿಗೆ ಸುತ್ತಿಕೊಂಡಿತು, ಮಾಡಿದ್ದುಣ್ಣೋ ಮಹರಾಯ, ಹೂಂ, ಒತ್ತು, ಫೋನ್ ಒತ್ತು, ಏನೋ, ಕೆಲಸ ಸಿಕ್ತಾ, ಅಕ್ಕನ ದನಿಯಲ್ಲಿ ಎಷ್ಟು ಆಸೆ, ಸಿಕ್ತು ಅಂದು ಇಟ್ಟುಬಿಡಲೇ, ಅದೂ ನಿಜವೇ ತಾನೇ, ಶಟರ್ ಅರ್ಧ ಎತ್ತಿದೆ, ಬಗ್ಗಿದರೆ ಆಯಿತು, ಒಳಗೆ ಗ್ಲಾಸು ಟಣ್ ಎಂದಿತು, ಸಿಕ್ತು ಕಣಕ್ಕಾ, ಆದ್ರೆ ನಾನು ಬಾರ್ ಮುಂದೆ ನಿಂತಿದ್ದೀನಿ, ಕುಡಿದಿಲ್ಲ, ಕುಡಿಬೇಕು ಅನ್ಸ್ತಿದೆ, ಬಾ — ಆ ಕಡೆ ಚಪ್ಪಲಿ ಮೆಟ್ಟುವ ಸದ್ದು, ಬಂದೆ, ಫೋನ್ ಇಡಬೇಡ, ದಾರಿಯುದ್ದಕ್ಕೂ ಬೈತಾ ಬರ್ತೀನಿ, ಕೇಳ್ತಾ ನಿಂತಿರು, ನಂಬಿದಳು, ಕೈ ಮೂಸದೆಯೇ ನಂಬಿದಳು, ಬಯ್ಯಕ್ಕಾ, ಜೋರಾಗಿ ಬಯ್ಯಿ, ನಗು ಬರುತ್ತಿದೆ, ಅಳುವೂ, ಶಟರ್ ಅರ್ಧ ಎತ್ತಿದೆ, ಬಗ್ಗಿಲ್ಲ, ಇನ್ನೂ ಬಗ್ಗಿಲ್ಲ, ಶಟರ್ ಅರ್ಧ ಎತ್ತಿದೆ