ನಾಯಿಯಿಲ್ಲದ ಮೊಲ

ಪಾದ್ರಿ ಎದುರಾದರೆ ಟೋಪಿ ತೆಗೆಯುವವರು, ಪಾದ್ರಿಯ ಅಡುಗೆಯವಳು ಎದುರಾದರೂ ತೆಗೆಯುವವರು, ಕಾಫಿ ಅಂಗಡಿಯ ಹೊಸ್ತಿಲಲ್ಲಿ, ಬ್ಯಾಂಕಿನ ಗುಮಾಸ್ತನ ಮುಂದೆ, ಕಡೆಗೆ ಕರು ಹಾಕಲು ಒದ್ದಾಡುತ್ತಿರುವ ಹಸುವಿನ ಕೊಟ್ಟಿಗೆಗೆ ಕಾಲಿಡುವಾಗಲೂ ಟೋಪಿ ತೆಗೆದು ಮೊಳೆಗೆ ನೇತುಹಾಕುವವರು, ಇಂಥ ಸೌಜನ್ಯದ ಮೂರ್ತಿಯಾದ ಡಾಕ್ಟರ್ ಫೌಸ್ತಿನೊ ಬ್ರೆಗೋಲಿಯವರು ನಮ್ಮ ಗರ್ದೋನೆ ಊರಿನ ಹರಾಜು ಕೋಣೆಯೊಳಗೆ ಮಾತ್ರ ತಲೆಯ ಮೇಲಿನ ಕಂದು ಟೋಪಿಯನ್ನು ಕದಲಿಸದೆ ಕೂತಿರುತ್ತಿದ್ದರು. ಮಿಲಾನಿನಿಂದ ಬಂದ ಹೆಂಗಸರು ಮೂಗು ಮುರಿಯುತ್ತಿದ್ದರು. ಅವರ ಹೆಂಡತಿ ಓಲಿಂಪಿಯಾಗಂತೂ ತಲೆ ತಗ್ಗಿಸುವಂತಾಗುತ್ತಿತ್ತು.

“ಹಂದಿ ಸಂತೇಲೂ ಟೋಪಿ ತೆಗೀತೀಯಲ್ಲ ತೀನೊ, ಅಲ್ಲಿ ಮಾತ್ರ ಏನು ದೊಡ್ಡ ರೋಗ ನಿಂಗೆ?” ಎಂದು ಆಕೆ ಬೀದಿಯಲ್ಲೇ ಕೇಳುತ್ತಿದ್ದಳು.

“ಶೀತ ಆಗುತ್ತೆ ಕಣೆ,” ಎನ್ನುತ್ತಿದ್ದರು ಡಾಕ್ಟರು, ಜೂನ್ ತಿಂಗಳ ಬಿಸಿಲಿನಲ್ಲಿ.

ಶೀತವೂ ಇಲ್ಲ, ಮಣ್ಣೂ ಇಲ್ಲ. ಅದು ಅವರಿಗೂ ಹರಾಜು ಕೂಗುವ ತಾರ್ಚೀಸಿಯೊನಿಗೂ ನಡುವೆ ಇದ್ದ ಗುಟ್ಟಿನ ಒಪ್ಪಂದ. ಹಳೆಯ ಕೋವಿ ಕೊಳ್ಳುವುದರಲ್ಲಿ ಪಳಗಿದವರು ಯಾರೂ ಕೈಯೆತ್ತಿ ಕೂಗುವುದಿಲ್ಲ, ಕೈಯೆತ್ತಿದವನ ಆಸೆ ಎಲ್ಲರಿಗೂ ಕಾಣುತ್ತದೆ, ಕಂಡ ಆಸೆಯ ಬೆಲೆ ಏರುತ್ತದೆ. ಆದ್ದರಿಂದ ಒಬ್ಬ ಕಿವಿ ತುರಿಸುತ್ತಾನೆ, ಒಬ್ಬ ಪೆನ್ಸಿಲ್ ಕಚ್ಚುತ್ತಾನೆ. ಬ್ರೆಗೋಲಿಯವರು ತಮಗೆ ಬೇಕಾದ ವಸ್ತು ಯಾವುದೆಂದು ತಾರ್ಚೀಸಿಯೊನಿಗೆ ಮೊದಲೇ ಪಿಸುಗುಟ್ಟಿರುತ್ತಿದ್ದರು. ಅದು ಬಂದಾಗ ಟೋಪಿ ತಲೆಯ ಮೇಲಿರುವತನಕ ಅವರು ಸವಾಲಿನಲ್ಲಿದ್ದಾರೆ, ತೆಗೆದರೆ ಅವರ ಆಟ ಮುಗಿಯಿತು. ಇಪ್ಪತ್ತು ವರ್ಷಗಳಲ್ಲಿ ಆ ಟೋಪಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅಷ್ಟು ವರ್ಷ ಕೂತ ನನಗೇ ಅದರ ಗುಟ್ಟು ತಿಳಿದಿರಲಿಲ್ಲ, ತಿಳಿದದ್ದು ಎಲ್ಲ ಮುಗಿದ ಮೇಲೆ.

ಬ್ರೆಗೋಲಿಯವರು ದನದ ವೈದ್ಯರು. ತ್ರೊಂಪಿಯಾ ಕಣಿವೆಯ ಮೇಲಿನ ಹಳ್ಳಿಗಳಲ್ಲಿ ಅವರ ಕೈ ತಾಗದೆ ಹುಟ್ಟಿದ ಕರು ಅಪರೂಪ. ಯಾವುದೋ ಹೇಸರಗತ್ತೆ ಒದ್ದು ಎಡ ಮೊಣಕಾಲಿನ ಚಿಪ್ಪು ಜರುಗಿದ್ದರಿಂದ ನಡೆಯುವಾಗ ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ದೂರದಿಂದ ನೋಡಿದರೆ ನೆಲದಲ್ಲಿ ಏನನ್ನೋ ಹುಡುಕುತ್ತ ಬರುವವರಂತೆ ಕಾಣುತ್ತಿದ್ದರು. ಅವರ ಕಂದು ಕೋಟಿನ ಬಲ ಜೇಬಿನಲ್ಲಿ ಹಸುವಿನ ಜ್ವರ ನೋಡುವ ಉಪಕರಣ, ಎಡ ಜೇಬಿನಲ್ಲಿ ಕೋವಿ ಒರೆಸುವ ಮೆತ್ತನೆಯ ತೊಗಲು. ಯಾವುದಕ್ಕೆ ಯಾವ ಜೇಬು ಎಂಬುದು ಒಮ್ಮೊಮ್ಮೆ ಅದಲು ಬದಲಾಗಿ ಕೋಟು ಕೊಟ್ಟಿಗೆಯಂತೆ ನಾರುತ್ತಿತ್ತು ಎಂಬುದನ್ನೂ ಸ್ನೇಹದ ಸಲುವಾಗಿ ಮುಚ್ಚಿಡಲಾರೆ. ಯಾರು ಏನೇ ಹೇಳಲಿ, ಸಾವಿರಲಿ, ಮದುವೆಯಿರಲಿ, ಸರ್ಕಾರ ಬಿದ್ದಿರಲಿ, ಅವರ ಉತ್ತರ ಒಂದೇ: “ಆಗ್ಲಿ ಬಿಡಿ.” ಆ ಎರಡು ಮಾತಿನಲ್ಲಿ ವೈರಾಗ್ಯಕ್ಕಿಂತ ದಣಿವೇ ಹೆಚ್ಚು. ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ನಿಂತು ಬೆಳಗಾಗುವ ಹೊತ್ತಿಗೆ ಕರುವನ್ನು ಕಳೆದುಕೊಂಡ ಮನುಷ್ಯನಿಗೆ ಬೇರೆ ಮಾತು ತೋಚುವುದೂ ಕಷ್ಟ.

ಕೋವಿಗಳ ನಡುವೆ ಹುಟ್ಟಿ, ಕೋವಿ ಮಾಡಿಯೇ ಅನ್ನ ಕಾಣುವ ನಮ್ಮ ಊರಿನಲ್ಲಿ ಹಳೆಯ ಪಿಸ್ತೂಲೆಂದರೆ ಅಜ್ಜಿಯ ತಾಮ್ರದ ಹಂಡೆಯಿದ್ದಂತೆ, ಯಾರೂ ಬೆರಗಾಗುವುದಿಲ್ಲ. ಆದರೆ ಬ್ರೆಗೋಲಿಯವರ ಕೈಗೆ ಪಿಸ್ತೂಲು ಕೊಟ್ಟರೆ ಅವರು ಕೆತ್ತನೆ ನೋಡುತ್ತಿರಲಿಲ್ಲ, ಹೆಸರು ಓದುತ್ತಿರಲಿಲ್ಲ. ಕೋಟಿನ ಒಳಗಿಂದ ತೆಳ್ಳನೆಯ ಬೆತ್ತದ ಕಡ್ಡಿ ತೆಗೆದು ನಳಿಗೆಯ ಬಾಯಿಂದ ಒಳಗಿಳಿಸಿ, ಎಲ್ಲಿಗೆ ನಿಂತಿತೆಂದು ಉಗುರಿನಿಂದ ಗುರುತು ಹಿಡಿದು, ಅದೇ ಕಡ್ಡಿಯನ್ನು ಹೊರಗಿನಿಂದ ನಳಿಗೆಗೆ ತಾಗಿಸಿ ಅಳೆಯುತ್ತಿದ್ದರು. ಕಡ್ಡಿ ಗಿಡ್ಡವಾದರೆ ಒಳಗೆ ಮದ್ದುಗುಂಡು ಕೂತಿದೆ ಎಂದರ್ಥ. ಯಾರೋ ಮೂರು ತಲೆಮಾರಿನ ಹಿಂದೆ ತುಂಬಿ, ಸುಡದೆಯೇ ಸತ್ತುಹೋದದ್ದು.

“ತುಂಬಿದವನು ಮಣ್ಣಾಗಿ ಹೋದ. ಅವನ ಸಿಟ್ಟು ಇನ್ನೂ ಇಲ್ಲೇ ಕಾಯ್ತಾ ಕೂತಿದೆ ನೋಡಿ,” ಎಂದು ಒಮ್ಮೆ ಹೇಳಿದ್ದರು. ಅವರ ಬಾಯಿಂದ ನಾನು ಕೇಳಿದ ದೊಡ್ಡ ಭಾಷಣವೆಂದರೆ ಅದೇ.

ಅವರ ಕಪಾಟಿನಲ್ಲಿ ಹನ್ನೆರಡೋ ಹದಿಮೂರೋ ವಸ್ತುಗಳಿದ್ದವು, ಆದರೆ ಅವರ ಜೀವವಿದ್ದದ್ದು ಒಂದರಲ್ಲಿ. ಚಕಮಕಿ ಕಲ್ಲಿನ ಸಣ್ಣ ಪಿಸ್ತೂಲು, ಆಕ್ರೋಟು ಮರದ ಹಿಡಿ, ಹಿಡಿಯ ತುಂಬ ಕಸೂತಿಯಂತೆ ಕತ್ತರಿಸಿ ಕೂರಿಸಿದ ಉಕ್ಕಿನ ಬಳ್ಳಿ. ಪಕ್ಕದ ತಗಡಿನ ಮೇಲೆ ಕೆತ್ತಿದ ಒಂದು ಮೊಲ, ಕಿವಿ ಹಿಂದಕ್ಕೆ ಬಿದ್ದು, ಕತ್ತು ತಿರುಗಿಸಿ ಹಿಂದೆ ನೋಡುತ್ತ, ಪ್ರಾಣ ಬಾಯಿಗೆ ಬಂದಂತೆ ಓಡುತ್ತಿದೆ. ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಇಂಥ ಪಿಸ್ತೂಲುಗಳನ್ನು ಜೋಡಿಯಾಗಿಯೇ ಮಾಡುತ್ತಿದ್ದರು. ಇದರ ಜೊತೆಯದರಲ್ಲಿ ಅಟ್ಟಿಸಿಕೊಂಡು ಬರುವ ನಾಯಿ ಇರಲೇಬೇಕು. ಹಿಂದೆಂದೋ ಇಬ್ಬರು ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಒಬ್ಬ ಮೊಲವನ್ನೂ ಒಬ್ಬ ನಾಯಿಯನ್ನೂ ಎತ್ತಿಕೊಂಡು ಹೋಗಿರಬೇಕೆಂದು ಡಾಕ್ಟರ ಊಹೆ. ಮದುವೆಯಾದ ವರ್ಷ ಆ ಮೊಲವನ್ನು ಕೊಂಡವರು ಅಂದಿನಿಂದ ನಾಯಿಯನ್ನು ಹುಡುಕುತ್ತಿದ್ದರು. ಒಮ್ಮೆ ವೆರೋನಾದಲ್ಲಿ ಸಿಕ್ಕಿತೆಂದು ಓಡಿದರೆ ಅದು ತೋಳವಾಗಿತ್ತು.

ಓಲಿಂಪಿಯಾ ಮೇಜಿನ ಮೇಲೆ ಮುಸುಕಿನ ಜೋಳದ ಪೊಲೆಂತಾ ಮುದ್ದೆಯನ್ನು ಕವುಚಿ ದಾರದಿಂದ ಕತ್ತರಿಸುತ್ತ ಅಣಕಿಸುತ್ತಿದ್ದಳು: “ಮೂವತ್ತು ವರ್ಷದಿಂದ ಓಡ್ತಾ ಇದೆ ಪಾಪ. ಹಿಂದೆ ಯಾರೂ ಇಲ್ಲ ಅಂತ ಅದಕ್ಕಾದ್ರೂ ಯಾರಾದ್ರೂ ಹೇಳ್ಬಾರ್ದಾ?”

“ಬರುತ್ತೆ ಬಿಡೆ,” ಎನ್ನುತ್ತಿದ್ದರು ಡಾಕ್ಟರು.

ಬಂತು. ಜೂನ್ ತಿಂಗಳ ಹರಾಜಿನ ಪಟ್ಟಿಯಲ್ಲಿ, ಬೊಲೊಞ್ಞಾದ ಯಾವುದೋ ಮನೆತನದ ಸಾಮಾನುಗಳ ಜೊತೆ, ನಾಯಿ ಬಂತು. ಮುನ್ನಾದಿನ ವಸ್ತುಗಳನ್ನು ನೋಡಲು ಬಿಟ್ಟಾಗ ಅವರು ಅದನ್ನು ಕೈಗೆತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಬೆತ್ತದ ಕಡ್ಡಿಯನ್ನು ಹೊರತೆಗೆದರು, ಆದರೆ ನಳಿಗೆಯೊಳಗೆ ಇಳಿಸಲಿಲ್ಲ. ಕಡೆಗೆ ಹಾಗೆಯೇ ಕೆಳಗಿಟ್ಟು, ಹೊರಗೆ ಬಂದು, ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಇದಕ್ಕೆಂದೇ ಮೇಲಿನ ಹುಲ್ಲುಗಾವಲಿನ ಚೂರನ್ನು ಮಾರಿದ್ದೇನೆ ಎಂದರು. ಓಲಿಂಪಿಯಾಗೆ ಗೊತ್ತೇ ಎಂದು ಕೇಳಿದೆ. “ಅವಳೇ ಮಾರು ಅಂದಿದ್ದು,” ಎಂದರು.

ಮರುದಿನ ಕೋಣೆ ಕಿಕ್ಕಿರಿದಿತ್ತು. ಡಾಕ್ಟರು ಎಂದಿನಂತೆ ಹಿಂದಿನ ಸಾಲಿನಲ್ಲಿ, ಕುಂಟುಗಾಲನ್ನು ಚಾಚಲು ಅನುಕೂಲವಾದ ಕಿಟಕಿಯ ಬದಿಯ ಕುರ್ಚಿಯಲ್ಲಿ, ಟೋಪಿ ಧರಿಸಿ ಕೂತಿದ್ದರು. ಆ ಕಿಟಕಿ ತೆರೆಯುವುದು ಹಿಂದಿನ ಓಣಿಗೆ, ಮುಂದೆ ಕೂತವರಿಗೆ ಅದು ಕಾಣುವುದಿಲ್ಲ. ನಾಯಿಯ ಪಿಸ್ತೂಲು ಬಂತು. ಸವಾಲು ಏರಿತು. ಒಬ್ಬೊಬ್ಬರಾಗಿ ಕಳಚಿಕೊಂಡು ಕಡೆಗೆ ಇಬ್ಬರುಳಿದರು: ಬೆರ್ಗಮೊದ ರೇಷ್ಮೆ ಗಿರಣಿಯ ಮಾಲೀಕ ಗುಯೆರ್ರಿನೊ, ಮತ್ತು ಯಾರ ಕಣ್ಣಿಗೂ ಕಾಣದಂತೆ ನಮ್ಮ ಡಾಕ್ಟರು. ಗುಯೆರ್ರಿನೊನ ಕತ್ತು ಕೆಂಪಗಾಗಿತ್ತು, ಪ್ರತಿ ಸಲ ಕೈಯಲ್ಲಿದ್ದ ಹರಾಜಿನ ಪಟ್ಟಿ ಎತ್ತುವುದು ತಡವಾಗುತ್ತಿತ್ತು. ಇನ್ನೆರಡು ಕೂಗಿಗೆ ಅವನು ಬಿಟ್ಟುಬಿಡುತ್ತಿದ್ದ ಎಂದು ಅವನೇ ಆಮೇಲೆ ಹೇಳಿದ.

ಆ ಹೊತ್ತಿಗೆ ಓಣಿಯಲ್ಲಿ ಒಂದು ಹೆಣ ಬಂತು. ಬ್ಯಾಂಡಿಲ್ಲ, ಹೂವಿನ ಗಾಡಿಯಿಲ್ಲ. ಮುಂದೆ ಪಾದ್ರಿ, ಹಿಂದೆ ನಾಲ್ಕು ಜನ ಹೊತ್ತ ಪೆಟ್ಟಿಗೆ, ಅದರ ಹಿಂದೆ ಕಪ್ಪು ಶಾಲಿನ ಇಬ್ಬರು ಹೆಂಗಸರು. ಕಿಟಕಿಯ ಪಕ್ಕಕ್ಕೇ ಬಂದರು. ಬ್ರೆಗೋಲಿಯವರು ಕುರ್ಚಿಯಿಂದ ಅರ್ಧ ಎದ್ದು, ಟೋಪಿ ತೆಗೆದು ಎದೆಗೆ ಹಿಡಿದರು.

ತಾರ್ಚೀಸಿಯೊನ ಸುತ್ತಿಗೆ ಬಿತ್ತು.

ಅವರ ಮುಖ ನೋಡಿದೆ. ಏನಾಯಿತೆಂದು ಅವರಿಗೆ ತಿಳಿದದ್ದು ಸದ್ದು ಕೇಳಿದ ಮೇಲೆ. ಆದರೂ ಪೆಟ್ಟಿಗೆ ಓಣಿಯ ತಿರುವು ದಾಟುವವರೆಗೂ ಟೋಪಿ ಎದೆಯ ಮೇಲೆಯೇ ಇತ್ತು.

ತಾರ್ಚೀಸಿಯೊ ಕೆಲಸವನ್ನು ಸಹಾಯಕನಿಗೆ ಒಪ್ಪಿಸಿ ಹಿಂದಕ್ಕೆ ಓಡಿಬಂದ. “ಯಾಕ್ ತೆಗೆದ್ರಿ ಡಾಕ್ಟ್ರೆ? ದುಡ್ಡು ಸಾಲ್ದಾಯ್ತಾ?”

“ಹೆಣ ಹೋಗ್ತಿತ್ತು.”

ತಾರ್ಚೀಸಿಯೊ ತಲೆ ಚಚ್ಚಿಕೊಂಡ. “ಅಯ್ಯೋ ದೇವ್ರೇ! ಈಗ್ಲೇ ಹೇಳಿ, ತಕರಾರಿದೆ ಅಂತ ಮತ್ತೆ ಕೂಗ್ತೀನಿ. ನಿಯಮದಲ್ಲೇ ಇದೆ. ಒಂದೇ ಒಂದು ಮಾತು ಅನ್ನಿ ಸಾಕು.”

ಡಾಕ್ಟರು ಟೋಪಿಯ ಅಂಚನ್ನು ಬೆರಳಿನಿಂದ ಸವರಿದರು. “ಏನಂತ ಹೇಳ್ಲಪ್ಪ? ಸತ್ತೋರಿಗೆ ಮರ್ಯಾದೆ ಕೊಟ್ಟಿದ್ದು ತಪ್ಪಾಯ್ತು, ವಾಪಸ್ ಕೊಡಿ ಅಂತಲಾ?”

“ಯಾರ ಹೆಣಾನೋ ಏನೋ, ನಿಮಗೇನು ಸಂಬಂಧ?”

“ನಂಗೂ ಗೊತ್ತಿಲ್ಲ. ಆಗ್ಲಿ ಬಿಡು.”

ಆಮೇಲೆ ವಿಚಾರಿಸಿದರೆ ಅದು ಯಾರೋ ಒಂಟಿ ಮುದುಕಿಯದು, ನಮ್ಮ ಊರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲವಂತೆ. ನನಗೆ ಆ ಮುದುಕಿಯ ಮೇಲೆ ಸಿಟ್ಟು ಬಂತು ಎಂದರೆ ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ. ಡಾಕ್ಟರಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಅವರು ಸೊರಗಿದರು, ಅಷ್ಟೆ. ಬೇಸಿಗೆಯಿಡೀ ಕಪಾಟಿನ ಬಾಗಿಲು ತೆರೆಯಲಿಲ್ಲ. ನಾಯಿಯನ್ನು ಗೆದ್ದ ಗುಯೆರ್ರಿನೊ ಒಂದು ಭಾನುವಾರ ಬಾದಾಮಿ ಕೇಕು ಹಿಡಿದು ಮನೆಗೆ ಬಂದು, ಮೊಲವನ್ನು ತನಗೇ ಕೊಟ್ಟುಬಿಡಿ, ಬಾಯಿಗೆ ಬಂದ ಬೆಲೆ ಹೇಳಿ ಎಂದು ಅಂಗಲಾಚಿದ. ಡಾಕ್ಟರು ಅವನಿಗೆ ವೈನು ಸುರಿದು ಕೊಟ್ಟು, ಮಳೆಬೆಳೆಯ ಮಾತಾಡಿ, ಬಾಗಿಲವರೆಗೆ ಬಂದು ಕಳಿಸಿದರು. ಗಾಡಿ ಹೋದ ಮೇಲೆ ಓಲಿಂಪಿಯಾಗೆ ಹೇಳಿದರು: “ಮೊಲಾನ ಅಕ್ಟೋಬರ್ ಹರಾಜಿಗೆ ಹಾಕ್ತೀನಿ, ಅವನೇ ಕೂಗಿ ತಗೊಳ್ಲಿ.”

“ಹುಚ್ಚು ಹಿಡೀತಾ? ಮನೆ ಬಾಗಿಲಿಗೆ ಬಂದೋನಿಗೆ ಕೊಡ್ಬಾರ್ದಿತ್ತಾ?”

“ಹರಾಜಲ್ಲಿ ಸೋತೋನು ಹರಾಜಲ್ಲೇ ಬಿಟ್ಟುಕೊಡ್ಬೇಕು. ಅಡುಗೆಮನೇಲಿ ಕೊಟ್ರೆ ಭಿಕ್ಷೆ ಆಗುತ್ತೆ, ನಂಗೋ ಅವನಿಗೋ ಗೊತ್ತಿಲ್ಲ.”

“ಬೇರೆ ಯಾವನಾದ್ರೂ ಹೊಡ್ಕೊಂಡು ಹೋದ್ರೆ?”

ಮೊಲ ಇನ್ನೊಂದು ದಿಕ್ಕಿಗೆ ಹೋದರೆ ಜೋಡಿ ಇನ್ನು ಸೇರುವ ಮಾತೇ ಇಲ್ಲ. ಮಾರುವವನು ತನ್ನ ವಸ್ತುವಿಗೆ ತಾನೇ ಕೂಗುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ, ಆದ್ದರಿಂದ ಅವರು ಏನೂ ಮಾಡುವಂತಿರಲಿಲ್ಲ.

ಅಕ್ಟೋಬರಿನಲ್ಲಿ ಅದೇ ಆಗುವುದರಲ್ಲಿತ್ತು. ಮಿಲಾನಿನ ವ್ಯಾಪಾರಿಯೊಬ್ಬ, ಸಮುದ್ರದಾಚೆಯ ಗಿರಾಕಿಗಳಿಗೆ ಒದಗಿಸುವವನು, ಮೊದಲ ಕೂಗಿನಿಂದಲೇ ಜಿದ್ದಿಗೆ ಬಿದ್ದ. ಗುಯೆರ್ರಿನೊ ಎಲ್ಲೂ ಕಾಣಲಿಲ್ಲ. ಬ್ರೆಗೋಲಿಯವರು ಟೋಪಿಯಿಲ್ಲದ ಬರಿ ತಲೆಯಲ್ಲಿ, ಮೊಣಕಾಲುಗಳ ನಡುವೆ ಕೈ ಸಿಕ್ಕಿಸಿಕೊಂಡು, ನೆಲ ನೋಡುತ್ತ ಕೂತಿದ್ದರು. ತಾರ್ಚೀಸಿಯೊ ಒಂದು ಸಲ ಎಂದ, ನೀರು ಕುಡಿದ, ಕನ್ನಡಕ ಒರೆಸಿದ, ಎರಡು ಸಲ ಎಂದ, ಕೆಮ್ಮಿದ. ಅಷ್ಟು ಉದ್ದದ ಕೆಮ್ಮು ನಾನು ಬೇರೆಲ್ಲೂ ಕೇಳಿಲ್ಲ. ಬಾಗಿಲು ತಳ್ಳಿಕೊಂಡು ಗುಯೆರ್ರಿನೊ ಒಳಬಂದ, ಗಾಡಿ ಕೆಟ್ಟಿತ್ತೋ ದಾರಿ ತಪ್ಪಿತ್ತೋ, ಏದುಸಿರಿನಲ್ಲೇ ಕೈ ಎತ್ತಿದ, ಮತ್ತೆ ಇಳಿಸಲೇ ಇಲ್ಲ. ಮಿಲಾನಿನವನು ಸುಸ್ತಾಗಿ ಪಟ್ಟಿ ಮಡಚಿದ. ಡಾಕ್ಟರು ನನ್ನ ಮೊಣಕೈ ಹಿಡಿದರು. ಇಪ್ಪತ್ತು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

ಹೊರಗೆ ಗುಯೆರ್ರಿನೊ ಅವರ ಎರಡೂ ಕೈ ಹಿಡಿದು, “ಯಾವಾಗ ಬೇಕಾದ್ರೂ ಬನ್ನಿ ಡಾಕ್ಟ್ರೆ, ಎರಡನ್ನೂ ಒಟ್ಟಿಗೆ ಇಟ್ಟಿರ್ತೀನಿ, ನಿಮ್ಮನೆ ಅಂತಲೇ ತಿಳ್ಕೊಳ್ಳಿ,” ಎಂದ. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳಿದ.

ಬೆರ್ಗಮೊ ದೂರವೇನಲ್ಲ. ಓಲಿಂಪಿಯಾ ವರ್ಷಗಟ್ಟಲೆ ದುಂಬಾಲು ಬಿದ್ದಳು. “ಒಂದೇ ಒಂದ್ಸಲ ನೋಡ್ಕೊಂಡು ಬಾ ತೀನೊ. ನಾನೂ ಬರ್ತೀನಿ. ಆ ನಾಯಿ ಮುಖ ಹೇಗಿದೆ ಅಂತ ನಂಗೂ ನೋಡ್ಬೇಕು.”

“ನೋಡಿದ್ರೆ ಬೇಕು ಅನ್ಸುತ್ತೆ ಕಣೆ,” ಎಂದರಂತೆ. ಸಾಯುವವರೆಗೂ ಹೋಗಲಿಲ್ಲ.

ಹಳೆಯ ವಸ್ತುಗಳ ಹಿಂದೆ ಬೀಳುವವರನ್ನು ಲೋಕ ಆಸೆಬುರುಕರೆನ್ನುತ್ತದೆ, ಅದು ಸುಳ್ಳೂ ಅಲ್ಲ. ಆ ಮಂದಿಯ ನಡುವೆ ಅರ್ಧ ಆಯುಷ್ಯ ಕಳೆದ ನಾನು ಅವರ ಜಿಪುಣತನ, ಹೊಟ್ಟೆಕಿಚ್ಚು, ಸಣ್ಣ ಸುಳ್ಳುಗಳನ್ನೆಲ್ಲ ಕಂಡಿದ್ದೇನೆ. ಆದರೆ ಅವರಲ್ಲೇ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ, ನನ್ನದಾಗಲಿ ಎಂದು ಬೇಡುತ್ತ ಬೇಡುತ್ತ ದಣಿದು, ಕಡೆಗೆ ಯಾರದಾದರೂ ಆಗಲಿ, ಜೋಡಿ ಒಂದಾಗಲಿ ಎಂದು ಬೇಡತೊಡಗುವವರು. ಅದನ್ನು ತ್ಯಾಗವೆಂದು ಹೊಗಳಿದರೆ ಅವರಿಗೇ ಮುಜುಗರ. ಅವರು ಜೀವನದಲ್ಲಿ ಗೆಲ್ಲುವುದು ಒಂದೇ ಒಂದು ಸಲ, ಮತ್ತು ಆ ಗೆಲುವನ್ನು ಹೋಗಿ ಕಣ್ಣಾರೆ ನೋಡುವ ಧೈರ್ಯ ಅವರಿಗಿರುವುದಿಲ್ಲ.