ಬೆನ್ನು ತೆಳುವಾದ ಮಚ್ಚು

ಹಾಗಲವಾಡಿಯ ಕರಿಸಿದ್ದಪ್ಪನ ಕುಲುಮೆಗೆ ಯಾರೇ ಬರಲಿ, ಕಬ್ಬಿಣವನ್ನು ಬೆಂಕಿಗೆ ಇಡುವ ಮುಂಚೆ ಅವನು ಒಂದು ಮಾತು ಕೇಳುತ್ತಿದ್ದ.

"ಯಾವ ಕೆಲ್ಸಕ್ಕೆ?"

ಮಾಡಿಸಿಕೊಳ್ಳುವವರು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅಂಗೈ ಇಟ್ಟು ಹೇಳಬೇಕು. ಅವನ ತಾತನ ಕಾಲದಿಂದ ಆ ಕುಲುಮೆಯಲ್ಲಿ ನಡೆದುಕೊಂಡು ಬಂದದ್ದು ಅದು. ಹೊಸಬರು ನಗುತ್ತಿದ್ದರು. ಮಚ್ಚು ಮತ್ಯಾತಕ್ಕೆ, ಕಡಿಯೋಕೆ ಅನ್ನುತ್ತಿದ್ದರು. ಕರಿಸಿದ್ದಪ್ಪ ನಗದೆ ಕಾಯುತ್ತಿದ್ದ. ಜಾಲಿ ಕಡಿಯುವುದಕ್ಕೋ, ಕಬ್ಬು ಸವರುವುದಕ್ಕೋ, ಕಾಯಿ ಇಳಿಸುವುದಕ್ಕೋ ಅಂತ ಬಾಯಿಬಿಟ್ಟು ಹೇಳಿದ ಮೇಲೆಯೇ ಬೆಂಕಿಗೆ ಗಾಳಿ ಊದುವ ತಿದಿ ಎಳೆಯುತ್ತಿದ್ದದ್ದು. ಅಲಗಿನ ಬೆನ್ನು, ಅಂದರೆ ಬಾಯಿಯ ಎದುರಂಚು, ಎಷ್ಟು ದಪ್ಪ ಇರಬೇಕು ಅನ್ನುವುದು ಆ ಮಾತಿನ ಮೇಲೆ ನಿಂತಿತ್ತು. ಎಲ್ಲರೂ ಹೆಬ್ಬೆರಳು ಸವರಿ ಬಾಯಿ ಹರಿತವಾಗಿದೆಯೇ ನೋಡುತ್ತಾರೆ, ಬೆನ್ನನ್ನು ಯಾರೂ ಮುಟ್ಟಿ ನೋಡುವುದಿಲ್ಲ ಅಂತ ಅವನಿಗೆ ಒಂದು ಬೇಸರವಿತ್ತು.

ಎಂಬತ್ತೆರಡನೇ ಇಸವಿ ಶಿವರಾತ್ರಿ ಕಳೆದ ಮೇಲೆ ಅಡವಿಯಪ್ಪ ತನ್ನ ಮಚ್ಚು ತಂದು ಅಡಿಗಲ್ಲಿನ ಪಕ್ಕ ಇಟ್ಟ. ಅಡವಿಯಪ್ಪ ತೆಂಗಿನಮರ ಹತ್ತುವವನು. ಕರಿಸಿದ್ದಪ್ಪನೂ ಅವನೂ ಒಂದೇ ಓರಗೆಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಆ ಮಚ್ಚನ್ನು ಮಾಡಿಕೊಟ್ಟವನೂ ಕರಿಸಿದ್ದಪ್ಪನೇ. ತುಮಕೂರಿನ ಗುಜರಿ ಅಂಗಡಿಯಿಂದ ತಂದ ಲಾರಿಯ ಕಮಾನುಪಟ್ಟಿ ಬಡಿದು ಮಾಡಿದ್ದು. ಬೆನ್ನು ಕಿರುಬೆರಳಿನಷ್ಟು ದಪ್ಪ.

"ಇದ್ರ ಭಾರ ಇಳ್ಸು ಕಣ್ಲಾ" ಅಂದ ಅಡವಿಯಪ್ಪ.

"ಇಷ್ಟು ವರ್ಷ ಇಲ್ದಿದ್ದು ಈಗ ಭಾರ ಆಯ್ತೇನ್ಲಾ? ಕಲ್ಲಮ್ಮ ಹೊಟ್ಟೆಗೆ ಹಾಕ್ತಾ ಇಲ್ವಾ?"

"ಹಾಕ್ತಾಳೆ ಬುಡು. ನಿನ್ ಕಬ್ಣನೇ ವರ್ಷ ವರ್ಷ ದಪ್ಪ ಆಗ್ತಾ ಅದೆ, ನಿನ್ ಹೊಟ್ಟೆ ತರ."

ಕರಿಸಿದ್ದಪ್ಪ ಮಚ್ಚನ್ನು ಎತ್ತಿ ಬೆಳಕಿಗೆ ಹಿಡಿದ. ಸಾಣೆ ಹಿಡಿದು ಹಿಡಿದು ಅಲಗು ಸವೆದಿತ್ತೇ ಹೊರತು ಎಲ್ಲೂ ಒಂದು ಕೂದಲೆಳೆ ಬಿರುಕಿರಲಿಲ್ಲ. ಇದನ್ನು ಬಡಿದು ತೆಳ್ಳಗೆ ಮಾಡುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. "ಇದು ಇಲ್ಲೇ ಇರ್ಲಿ, ಹೊಸ್ದು ಮಾಡ್ಕೊಡ್ತೀನಿ. ಯಾವ ಕೆಲ್ಸಕ್ಕೆ?"

"ನನ್ನೂ ಕೇಳ್ತೀಯಲ್ಲೋ."

"ನಮ್ಮಪ್ಪ ಬಂದ್ರೂ ಕೇಳ್ತೀನಿ. ಇಡು ಕೈಯ."

ಅಡವಿಯಪ್ಪ ಎಡಗೈ ಇಟ್ಟ. ಬಲಗೈಯಲ್ಲಿ ಬೀಡಿ ಇತ್ತು. "ಗೊನೆ ಇಳ್ಸೋದು, ಒಣಗರಿ ಸವರೋದು."

"ಅಷ್ಟೇಯಾ?"

"ಇನ್ನೇನ್ಲಾ, ಮರದ ಮೇಲೆ ಕುಂತ್ಕೊಂಡು ಮುದ್ದೆ ತೊಳಸ್ತೀನಾ?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಡವಿಯಪ್ಪ ಬೀಡಿಯ ತುದಿ ನೋಡುತ್ತಾ, "ವೆಂಕಟರಂಗಯ್ಯನೋರು ಕುಣಿಗಲ್ ಕಡೆಯೋನು ಯಾರೋ ಕದರಯ್ಯ ಅನ್ನೋನ್ನ ಕರ್ಸ್ತಾರಂತೆ. ನನಗೆ ನಿಧಾನ ಆಯ್ತಂತೆ" ಅಂದ. ವೆಂಕಟರಂಗಯ್ಯನದು ಊರಿಗೆಲ್ಲ ದೊಡ್ಡ ತೋಟ. ಅಲ್ಲಿ ಹತ್ತುವವನನ್ನೇ ಉಳಿದ ತೋಟದವರೂ ಕರೆಯುತ್ತಿದ್ದರು. ಆ ತೋಟ ಕೈಬಿಟ್ಟರೆ ಅಡವಿಯಪ್ಪನಿಗೆ ಊರಲ್ಲಿ ಬೇರೆ ಹೆಸರಿರಲಿಲ್ಲ. ಮರ ಹತ್ತೋ ಅಡವಿಯಪ್ಪ ಅಂದರೇನೇ ಅವನು.

"ಮಚ್ಚು ಹಗೂರ ಆದ್ರೆ ನಿಧಾನ ಯಾಕಾಗುತ್ತೆ" ಅಂದ ಕರಿಸಿದ್ದಪ್ಪ.

ಗೆಳೆಯನಿಗಾಗಿ ಅವನು ಒಳ್ಳೆಯ ಪಟ್ಟಿಯನ್ನೇ ಆರಿಸಿದ. ಮೊದಲಿನಷ್ಟೇ ಉದ್ದ ಇಟ್ಟು ಬೆನ್ನಿನ ದಪ್ಪವನ್ನು ಅರ್ಧಕ್ಕಿಂತ ಕಮ್ಮಿಗೆ ಇಳಿಸಿದ. ಹದ ಕೊಡುವಾಗ ಸ್ವಲ್ಪ ಅಳುಕಿತು. ಬೆನ್ನು ದಪ್ಪ ಇದ್ದರೆ ನೀರಿಗೆ ಅದ್ದಿದಾಗ ಬಾಯಿ ಮಾತ್ರ ಗಡುಸಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಪೆಟ್ಟು ನುಂಗಿಕೊಳ್ಳುತ್ತದೆ. ತೆಳ್ಳನೆಯದು ಹಾಗಲ್ಲ, ಒಂದೇ ಸಲಕ್ಕೆ ಬಾಯಿಯಿಂದ ಬೆನ್ನಿನವರೆಗೂ ಗಡುಸಾಗಿಬಿಡುತ್ತದೆ. ಅದಕ್ಕೇ ಅವನು ಮತ್ತೆ ಸಣ್ಣ ಬೆಂಕಿಯಲ್ಲಿ ಕಾಯಿಸಿ ಗಡುಸು ಇಳಿಸಿದ. ಮಾಡಿ ಮುಗಿಸಿದ ಮಚ್ಚನ್ನು ಕೈಗೆ ಕೊಡದೆ ಅಡಿಗಲ್ಲಿನ ಮೇಲೆ ಇಟ್ಟು, "ಇದು ಕುಯ್ಯೋಕೆ ಕಣ್ಲಾ. ಮೀಟೋಕಲ್ಲ. ಅಡ್ಡ ಒತ್ತಿದ್ರೆ ತಡ್ಯಲ್ಲ" ಅಂದ.

"ಗೊತ್ತು ಬುಡ್ಲಾ" ಅಂತ ಅಡವಿಯಪ್ಪ ಅದನ್ನು ಎತ್ತಿಕೊಂಡು ಗಾಳಿಯಲ್ಲಿ ಒಂದು ಸಲ ಬೀಸಿದ. ಹೂವಿನ ಹಾಗಿದೆ ಅಂದ. ಆ ಬೇಸಿಗೆಯೆಲ್ಲ ಅವನು ಲವಲವಿಕೆಯಿಂದ ಓಡಾಡಿದ. ಕುಣಿಗಲ್ ಕಡೆಯವನ ಮಾತು ನಿಂತುಹೋಯಿತು.

ಮಳೆಗಾಲದ ಮೊದಲಲ್ಲಿ, ವೆಂಕಟರಂಗಯ್ಯನ ತೋಟದ ಬಾವಿಯ ಹತ್ತಿರದ ಮರದಿಂದ ಅಡವಿಯಪ್ಪ ಬಿದ್ದ.

ಕರಿಸಿದ್ದಪ್ಪ ಓಡಿ ಹೋಗುವ ಹೊತ್ತಿಗೆ ಅವನನ್ನು ಗಾಡಿಗೆ ಹಾಕಿದ್ದರು. ಸೊಂಟದ ಕೆಳಗೆ ಕಾಲು ಯಾವ ಕಡೆಗೋ ತಿರುಗಿತ್ತು. ಅವನ ಹೆಂಡತಿ ಕಲ್ಲಮ್ಮ ಗಾಡಿಯ ಹಿಂದೆ ನಡೆಯುತ್ತಿದ್ದಳು, ಅಳುತ್ತಿರಲಿಲ್ಲ. ಗುಬ್ಬಿಗೆ ಗಾಡಿಯಲ್ಲಿ, ಅಲ್ಲಿಂದ ತುಮಕೂರಿನ ಆಸ್ಪತ್ರೆಗೆ ಯಾರದೋ ವ್ಯಾನಿನಲ್ಲಿ ಸಾಗಿಸಿದರು. ಮರದ ಬುಡದಲ್ಲಿ ಮಚ್ಚಿನ ಹಿಡಿ ಬಿದ್ದಿತ್ತು. ಹಿಡಿಗೆ ಅಂಟಿಕೊಂಡಂತೆ ಮೂರು ಬೆರಳಗಲದ ಅಲಗು, ಅಷ್ಟೇ. ಉಳಿದದ್ದು ಎಲ್ಲೂ ಸಿಗಲಿಲ್ಲ. ಬಾವಿಗೆ ಬಿದ್ದಿರಬೇಕು ಅಂದರು.

"ಮಚ್ಚು ಮುರೀತಂತೆ" ಅನ್ನುವ ಮಾತು ಅವತ್ತು ಸಂಜೆಗೇ ಊರು ಸುತ್ತಿತು. ಕರಿಸಿದ್ದಪ್ಪನನ್ನು ಕಂಡು ಜನ ಮಾತು ನಿಲ್ಲಿಸುತ್ತಿದ್ದರು. ಅವನು ಆ ತುಂಡನ್ನು ತಂದು ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿದ. ನಯವಾದ ಬೂದಿ ಬಣ್ಣ. ಒಳಗೆ ಹಳೇ ಬಿರುಕಿಲ್ಲ, ಕಪ್ಪು ಕಲೆಯಿಲ್ಲ. ಹದ ಸರಿಯಾಗಿಯೇ ಇತ್ತು. ಹಾಗಿದ್ದ ಮೇಲೆ ಗೊನೆ ಕಡಿಯುವಾಗ ಯಾಕೆ ಮುರಿಯಿತು? ಮುರಿದರೂ ಮುರಿಯಲಿ, ಮಚ್ಚು ಮುರಿದರೆ ಮನುಷ್ಯ ಯಾಕೆ ಬೀಳಬೇಕು? ಇದನ್ನು ಯಾರೂ ಕೇಳಲಿಲ್ಲ. ಅವನು ಕುಲುಮೆಗೆ ಹೋಗಿ ಕೂತ, ಬೆಂಕಿ ಹಾಕಲಿಲ್ಲ.

ಕಾಯಿ ಬಲಿತು ನಿಂತಿದ್ದರಿಂದ ವೆಂಕಟರಂಗಯ್ಯ ಕದರಯ್ಯನನ್ನು ಕರೆಸಲೇಬೇಕಾಯಿತು. ಕದರಯ್ಯ ಮೊದಲು ಹತ್ತಿದ್ದು ಬಾವಿಯ ಹತ್ತಿರದ ಮರವನ್ನೇ. ಇಳಿದವನು ನೇರ ಕುಲುಮೆಗೆ ಬಂದ. ಒಣಕಲು ಆಳು, ಅಡವಿಯಪ್ಪನಿಗಿಂತ ಚಿಕ್ಕವನು. ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದದ್ದನ್ನು ಬಿಚ್ಚಿ ತೋರಿಸಿದ. ಮಚ್ಚಿನ ಉಳಿದ ಅಲಗು.

"ಎಲ್ಲಿ ಸಿಕ್ತಪ್ಪ ಇದು?"

"ಮೇಲೇ ಇತ್ತು ಕಣಣ್ಣ. ಎಡೆಮಟ್ಟೆ ಬುಡಕ್ಕೆ ಕಚ್ಕೊಂಡಿತ್ತು. ಕೀಳೋಕೆ ಸಾಕಾಗೋಯ್ತು."

ಹಸಿಗರಿಯ ಆ ದಪ್ಪ ಬುಡಕ್ಕೂ ಗೊನೆಗೂ ಸಂಬಂಧವಿಲ್ಲ. ಅದನ್ನು ಕಡಿಯುವ ಕೆಲಸವೇ ಇರುವುದಿಲ್ಲ. ಕರಿಸಿದ್ದಪ್ಪ ಅಲಗನ್ನು ತಿರುಗಿಸಿ ನೋಡಿದ. ಬಾಯಿ ಹಾಗೇ ಹರಿತವಾಗಿತ್ತು. "ಅಲ್ಲಿಗ್ಯಾಕೆ ಹೊಡ್ದ ಅವ್ನು?"

ಕದರಯ್ಯ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ಆ ಮರದಲ್ಲಿ ಹಳೇ ಏಟುಗಳೂ ಅವೆ. ಪಕ್ಕದ ಮರದಲ್ಲೂ ಅವೆ. ತೋಳಿಗೆ ಕಸುವಿದ್ರೆ ಎರಡು ಗರಿ ಹಿಡ್ಕೊಂಡು ಮೈ ಎತ್ತಿ ಸುಳಿ ಮೇಲೆ ಕೂತ್ಕೋತೀವಿ. ರಟ್ಟೆ ಬಿದ್ದೋದೋರು ಮಚ್ಚು ನಾಟಿ, ಅದ್ರ ಹಿಡಿಗೆ ಜೋತ್ಕೊಂಡು ಮೇಲಕ್ಕೆ ಏಳ್ತಾರೆ. ನಮ್ಮಪ್ಪನೂ ಕೊನೆಕೊನೆಗೆ ಹಂಗೇ ಮಾಡ್ತಿದ್ದ."

ಇಡೀ ಮೈಯ ಭಾರ ಅಡ್ಡಲಾಗಿ ಆ ತೆಳ್ಳನೆಯ ಅಲಗಿನ ಮೇಲೆ. ಕರಿಸಿದ್ದಪ್ಪನಿಗೆ ಅಡಿಗಲ್ಲಿನ ಮೇಲೆ ಬಂದ ಆ ಎಡಗೈ ನೆನಪಾಯಿತು. ದಪ್ಪ ಬೆನ್ನಿನ ಹಳೇ ಮಚ್ಚು ಎಷ್ಟು ದಿನ ಅವನನ್ನು ಹಾಗೆ ಹೊತ್ತಿತ್ತೋ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಅದು ನಮ್ಮ ಕಸುಬಿನೋರ ಮಾತು. ತಪ್ಪು ನಿನ್ ಮೇಲೆ ಅಂತಾರಲ್ಲ, ಅದಕ್ಕೆ ನಿಂಗೆ ಹೇಳ್ದೆ. ಮುಂದಕ್ಕೆ ನೀನುಂಟು, ಅವ್ನುಂಟು."

ಮಾರನೆಯ ದಿನ ಕರಿಸಿದ್ದಪ್ಪ ಎರಡೂ ತುಂಡನ್ನು ಕೈಚೀಲದಲ್ಲಿ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಲ್ಲಿ ಜೋಡಿಸಿಕೊಂಡ. ಬಯ್ಯಬಾರದು. ತುಂಡುಗಳನ್ನು ಮುಂದೆ ಇಟ್ಟು, ಅಡಿಗಲ್ಲಿನ ಮೇಲೆ ಕೈಯಿಟ್ಟು ಸುಳ್ಳು ಹೇಳಿದೆಯಲ್ಲೋ, ಈಗಲಾದರೂ ನಾಲ್ಕು ಜನರ ಎದುರಿಗೆ ನಿಜ ಹೇಳು ಅಂತ ಕೇಳಬೇಕು. ಅಷ್ಟೇ.

ಆಸ್ಪತ್ರೆಯಲ್ಲಿ ಅಡವಿಯಪ್ಪನ ಕಾಲಿಗೆ ತೂಕ ಕಟ್ಟಿ ಎಳೆದು ಬಿಟ್ಟಿದ್ದರು. ಮುಖ ಸಣ್ಣದಾಗಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ವೆಂಕಟರಂಗಯ್ಯ ಕೂತಿದ್ದರು, ಮೊಣಕಾಲ ಮೇಲೆ ಬ್ರೆಡ್ಡಿನ ಪೊಟ್ಟಣ. ಅವರು ಹೇಳುತ್ತಿದ್ದರು, "ನೀನೇನೂ ಯೋಚ್ನೆ ಮಾಡ್ಬೇಡ. ಆ ಕುಣಿಗಲ್ಲೋನು ಈಗಿನ ಮಟ್ಟಿಗೆ ಅಷ್ಟೇ. ನೀನು ಎದ್ದು ಬಾ, ತೋಟ ನಿಂದೇ. ಕಬ್ಣ ಕೈಕೊಟ್ರೆ ನೀನ್ ತಾನೆ ಏನ್ ಮಾಡ್ತೀಯ."

ಕರಿಸಿದ್ದಪ್ಪನನ್ನು ಕಂಡು ಅವರು ದನಿ ಏರಿಸಲಿಲ್ಲ. "ಬಾರಪ್ಪ. ನೋಡು ಇವನ ಗತಿಯ. ನಿನ್ ಕೈಯಲ್ಲಿ ಹಿಂಗಾಗಬಹುದಾ?"

ಅಡವಿಯಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ. ಕರಿಸಿದ್ದಪ್ಪ ಅವನ ಮುಖವನ್ನೇ ನೋಡಿದ. ಈಗ ಹೇಳುತ್ತಾನೆ ಅಂದುಕೊಂಡ.

"ಹದ ತಪ್ಪಿತ್ತೇನೋ" ಅಂದ ಅಡವಿಯಪ್ಪ, ಫ್ಯಾನಿಗೇ ಹೇಳುವವನ ಹಾಗೆ. "ಬೇಕೂಂತ ಮಾಡ್ತಾನಾ."

ಕರಿಸಿದ್ದಪ್ಪನ ಕೈ ಚೀಲದೊಳಗೆ ಹೋಯಿತು. ಬೆರಳಿಗೆ ತಣ್ಣಗೆ ಅಲಗಿನ ಬೆನ್ನು ತಗುಲಿತು. ಹೊರಗೆ ತೆಗೆದರೆ ಆಯಿತು. ವೆಂಕಟರಂಗಯ್ಯ ಎದ್ದು ಹೋಗುತ್ತಾರೆ, ಊರಿಗೆ ಹೋಗಿ ಒಂದು ಮಾತು ಹೇಳುತ್ತಾರೆ, ಇನ್ನು ಯಾವ ತೋಟದವನೂ ಇವನನ್ನು ಕರೆಯುವುದಿಲ್ಲ. ಅಡವಿಯಪ್ಪ ಎಡಗೈಯಿಂದಲೇ ಹೊದಿಕೆ ಎದೆಯವರೆಗೆ ಎಳೆದುಕೊಂಡ, ಬಲಗೈ ಇದ್ದಲ್ಲೇ ಇತ್ತು.

"ಹೌದು ಯಜಮಾನ್ರೇ" ಅಂದ ಕರಿಸಿದ್ದಪ್ಪ. "ಗಡುಸು ಹೆಚ್ಚಾಗಿತ್ತು. ನಂದೇ ತಪ್ಪು."

ಅಡವಿಯಪ್ಪ ಕಣ್ಣು ಮುಚ್ಚಿಕೊಂಡ.

ಬಾಗಿಲ ಹೊರಗೆ ಕಲ್ಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಕರಿಸಿದ್ದಪ್ಪನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಕಾಲು ಇನ್ನು ನೆಟ್ಟಗಾಗಲ್ವಂತೆ ಕಣಣ್ಣ. ಅವ್ರಿಗಿನ್ನೂ ಹೇಳಿಲ್ಲ" ಅಂದಳು.

ದೀಪಾವಳಿ ಹೊತ್ತಿಗೆ ಅಡವಿಯಪ್ಪ ಕೋಲೂರಿಕೊಂಡು ಅರಳಿಕಟ್ಟೆಯವರೆಗೆ ಬರುವಂತಾದ. ಅಲ್ಲಿ ಕೂತು ಕಂಡಕಂಡವರಿಗೆ ಬಿದ್ದ ಕತೆ ಹೇಳುತ್ತಿದ್ದ. ಮೊದಮೊದಲು ಹದ ತಪ್ಪಿತ್ತೇನೋ ಅನ್ನುತ್ತಿದ್ದವನು, ಆಮೇಲೆ ಹದ ತಪ್ಪಿತ್ತು ಅಂದ. ಇನ್ನೂ ಸ್ವಲ್ಪ ದಿನಕ್ಕೆ, ಕರಿಸಿದ್ದಪ್ಪನ ಕಣ್ಣು ಮಂಜಾಗಿದೆ, ಬೆಂಕಿಯ ಬಣ್ಣ ತಿಳಿಯುವುದಿಲ್ಲ ಅನ್ನುವಲ್ಲಿಗೆ ಬಂತು. ಹೇಳಿ ಹೇಳಿ ಅವನೇ ನಂಬಿದ್ದನೋ ಏನೋ. ಜನ ಮಚ್ಚು ಕುಡುಗೋಲಿಗೆ ಗುಬ್ಬಿ ಸಂತೆಗೆ ಹೋಗತೊಡಗಿದರು. ಕರಿಸಿದ್ದಪ್ಪನ ಪಾಲಿಗೆ ಉಳಿದದ್ದು ಗಾಡಿಯ ಕೀಲು, ಬಾಗಿಲ ಚಿಲಕ, ಇಂಥವು. ಕಟ್ಟೆಯ ಮುಂದೆ ಹಾಯಬೇಕಾದಾಗ ಅವನು ಕೆರೆ ಏರಿಯ ಮೇಲಿಂದ ಬಳಸಿಕೊಂಡು ಹೋಗುತ್ತಿದ್ದ.

ಕೆಲಸವಿಲ್ಲದ ಒಂದು ದಿನ ಅವನು ಗೋಡೆಗೆ ಸಿಕ್ಕಿಸಿದ್ದ ಅಡವಿಯಪ್ಪನ ಹಳೇ ಮಚ್ಚನ್ನು ತೆಗೆದು ಬೆಂಕಿಗೆ ಇಟ್ಟ. ಬೆನ್ನನ್ನು ಮುಟ್ಟಲಿಲ್ಲ. ಮುಂದಿನ ಅಲಗನ್ನು ಅರ್ಧದಷ್ಟು ಕತ್ತರಿಸಿ ತೆಗೆದ. ಮತ್ತೆ ಹದ ಕೊಟ್ಟು ಹೊಸ ಹಿಡಿ ಹಾಕಿದ. ಮೊಟಕಾದ, ದಪ್ಪ ಬೆನ್ನಿನ, ಎತ್ತಿದರೆ ಹಗುರವಾದ ಮಚ್ಚು. ಅದನ್ನು ಅಡಿಗಲ್ಲಿನ ಮೇಲಿಟ್ಟು ನೋಡುತ್ತಾ ಕೂತ.

ಆ ಹೊತ್ತಿಗೆ ಕಲ್ಲಮ್ಮ ಬಂದಳು. ಊರಿನವರು ಬಿಟ್ಟ ಮೇಲೆ ಅವನ ಕುಲುಮೆಗೆ ಬಂದ ಮೊದಲ ಹೆಂಗಸು.

"ಆ ಮುರಿದ ಮಚ್ಚಿನ ತುಂಡು ನಿನ್ನತ್ರ ಅದ್ಯಲ್ಲಣ್ಣ, ಅದ್ರಲ್ಲಿ ಒಂದು ಈಳಿಗೆ ಮಾಡ್ಕೊಡು. ನಮ್ಮನೇದು ಸವೆದೋಗಿದೆ."

"ಮಾಡೋಣ, ತಂಗಿ. ತರಕಾರಿಗೆ ಅದು ಚೆನ್ನಾಗಾಗುತ್ತೆ." ಆಮೇಲೆ ಅಭ್ಯಾಸಬಲದಿಂದ ಕೇಳಿದ, "ಯಾವ ಕೆಲ್ಸಕ್ಕೆ?" ಕೇಳಿದ ಮೇಲೆ ನಾಚಿಕೆಯಾಯಿತು.

ಅವಳು ಅಡಿಗಲ್ಲಿನ ಮೇಲೆ ಕೈಯಿಡಲು ಹೋದಳು. ಅಲ್ಲಿದ್ದ ಮೊಟಕು ಮಚ್ಚು ಕೈಗೆ ಅಡ್ಡ ಬಂತು. ಎತ್ತಿದಳು. "ಇದು ಅವ್ರದಲ್ವಾ?"

"ಹೂಂ."

"ಎಷ್ಟು ಹಗೂರ ಅದೆ." ಬೆನ್ನಿನ ಮೇಲೆ ಬೆರಳಾಡಿಸಿದಳು. "ದಪ್ಪಾನೂ ಹಂಗೇ ಅದೆ. ಹಿಂಗೂ ಮಾಡ್ಬೋದಾಗಿತ್ತಾ?"

"ಮಾಡ್ಬೋದಾಗಿತ್ತು" ಅಂದ ಕರಿಸಿದ್ದಪ್ಪ. "ಗೊತ್ತಿದ್ರೆ."

ಕಲ್ಲಮ್ಮ ಮಚ್ಚನ್ನು ನಿಧಾನಕ್ಕೆ ಕೆಳಗಿಟ್ಟಳು. ಆಮೇಲೆ ಅಡಿಗಲ್ಲಿನ ಮೇಲೆ ಬಲಗೈ ಇಟ್ಟಳು. "ಸೊಪ್ಪು ಸದೆ ಹೆಚ್ಚೋಕೆ" ಅಂದಳು. ಕೈ ತೆಗೆಯಲಿಲ್ಲ. "ಅವ್ರ ಬಲರಟ್ಟೆ ಹೋದ ಸಂಕ್ರಾಂತಿಯಿಂದ್ಲೇ ಮೇಲಕ್ಕೆ ಏಳ್ತಿರ್ಲಿಲ್ಲ. ಅಂಗಿ ನಾನೇ ತೊಡಸ್ತಿದ್ದೆ. ನಿಂಗೆ ಹೇಳೋಣ ಅಂತ ಬಾಗಿಲವರೆಗೂ ಬಂದಿದ್ದೆ ಕಣಣ್ಣ. ಯಾರಿಗಾದ್ರೂ ಹೇಳಿದ್ರೆ ಬಾವಿಗೆ ಬೀಳ್ತೀನಿ ಅಂದಿದ್ರು."

ಕರಿಸಿದ್ದಪ್ಪ ತಿದಿಯ ಹಗ್ಗ ಹಿಡಿದ, ಎಳೆಯಲಿಲ್ಲ.

"ಊರಲ್ಲಿ ಹೇಳ್ತೀನಿ ಈಗ. ನೀನು ಹೂಂ ಅಂದ್ರೆ" ಅಂದಳು ಕಲ್ಲಮ್ಮ.

"ಬೇಡ. ಆ ಕತೇನೂ ಹೋದ್ರೆ ಕಟ್ಟೆ ಮೇಲೆ ಕೂತ್ಕೊಂಡು ಅವ್ನು ಇನ್ನೇನು ಮಾತಾಡ್ಬೇಕು."

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಮಸಿ ಹತ್ತಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟಳು. ಕರಿಸಿದ್ದಪ್ಪ ಚೀಲದಿಂದ ತೆಳ್ಳನೆಯ ಅಲಗನ್ನು ತೆಗೆದು ಕೆಂಡದೊಳಗೆ ತೂರಿಸಿ ತಿದಿ ಎಳೆದ. ತೆಳ್ಳಗಿದ್ದದ್ದರಿಂದ ಅದು ಬೇಗ ಕೆಂಪಾಯಿತು.