ಯಾರಿಗೂ ಹೇಳಬಾರದ ಸಂಬಳ

ಅಂಗಿ ಹೊಲಿಯುವ ಕಾರ್ಖಾನೆಯಿಂದ ಮನೆಗೆ ಬಂದ ಅತ್ತಿಗೆಯ ಕಾಲು ಆವತ್ತು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾಲರ್ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಯಜಮಾನರು ಅವಳೊಬ್ಬಳನ್ನೇ ಕೋಣೆಗೆ ಕರೆದು, ತಮ್ಮ ಸ್ವಂತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಿದ್ದರು! ಸಂಬಳ ಹೆಚ್ಚಿಸುತ್ತೇನೆ, ನಾಳೆ ಸಂಜೆ ಒಪ್ಪಂದಕ್ಕೆ ಸಹಿ ಹಾಕು, ಆದರೆ ಯಾರಿಗೂ ಹೇಳಬೇಡ ಎಂದಿದ್ದರು.

ಗುಟ್ಟು ಅವಳ ಹೊಟ್ಟೆಯಲ್ಲಿ ನಿಂತರೆ ತಾನೆ? ಅದೇ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ನಾದಿನಿಯ ಕಿವಿಯಲ್ಲಿ ಎಲ್ಲ ಉಸುರಿದಳು.

ನಾದಿನಿ ಕಣ್ಣರಳಿಸಿದಳು. "ಚಹಾಕ್ಕೆ ಸಕ್ಕರೆ ಜಾಸ್ತಿ ಇತ್ತು, ಅಲ್ವಾ ಅತ್ತಿಗೆ?"

"ಅಯ್ಯೋ, ನಿನಗೂ ಕೊಟ್ರಾ!"

ಸಂಬಳವೂ ಒಂದೇ, ಗುಟ್ಟೂ ಒಂದೇ. ಒಳಗಿದ್ದ ಅತ್ತೆ ಬಿದ್ದು ಬಿದ್ದು ನಕ್ಕರು. ಅವರು ಗಿರಣಿಯಲ್ಲಿ ದುಡಿದು, ಕಾರ್ಮಿಕ ಸಂಘದಲ್ಲಿ ಓಡಾಡಿ ಬಂದವರು.

"ಹೆಚ್ಚು ಮಾಡಿದ್ರೂ ಸರ್ಕಾರ ಗೊತ್ತುಮಾಡಿರೋ ಕನಿಷ್ಠ ಕೂಲಿಗಿಂತ ಇದು ಕಮ್ಮಿ ಕಣ್ರೇ! ನೀವಾಗಿ ಸಹಿ ಹಾಕಿದ್ರೂ ಅದಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ."

"ಸುಮ್ನಿರಿ ಅತ್ತೆ," ಎಂದಳು ಅತ್ತಿಗೆ. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. "ಬಾಯಿ ಬಿಟ್ರೆ ಇರೋ ಕೆಲಸಾನೂ ಹೋಗುತ್ತೆ. ಆಮೇಲೆ ಮಗಳ ಶಾಲೆ ಗತಿ ಏನು?"

"ಒಬ್ಬಳೇ ಹೋದ್ರೆ ಹೆದರಿಸ್ತಾರೆ. ಎಲ್ಲರೂ ಹೋಗಿ. ನಿಮ್ಮನ್ನೆಲ್ಲ ಕಳಿಸಿ, ಕಾಲರ್ ಅವರೇ ಕೂತು ಹೊಲೀತಾರಾ?"

ಮರುದಿನ ಊಟದ ಹೊತ್ತಿಗೆ ಅತ್ತಿಗೆ ಗಟ್ಟಿ ಮನಸ್ಸು ಮಾಡಿ ಎದ್ದು ನಿಂತಳು.

"ಯಜಮಾನ್ರ ಫ್ಲಾಸ್ಕಿನ ಚಹಾ ಕುಡಿದವರು ಕೈ ಎತ್ರಪ್ಪಾ!"

ಮೊದಲು ಇಸ್ತ್ರಿಯಣ್ಣ ನಾಚುತ್ತಾ ಕೈ ಎತ್ತಿದ. ತೋಳು ಹೊಲಿಯುವವಳು ಎತ್ತಿದಳು. ನೋಡನೋಡುತ್ತಾ ಎಲ್ಲರ ಕೈಯೂ ಮೇಲಿತ್ತು! ತಾವೊಬ್ಬರೇ ಯಜಮಾನರ ಮುದ್ದಿನವರೆಂದು ಎಲ್ಲರೂ ಬೀಗುತ್ತಿದ್ದರಲ್ಲ, ಈಗ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ಹೇಳಿದ ಕನಿಷ್ಠ ಕೂಲಿಯ ಮಾತನ್ನು ಅತ್ತಿಗೆ ಅವರಿಗೂ ತಿಳಿಸಿದಳು. ನಗು ಆರುವ ಮೊದಲೇ ಎಲ್ಲರೂ ಒಟ್ಟಿಗೆ ಯಜಮಾನರ ಕೋಣೆಗೆ ಹೋದರು. ಅತ್ತಿಗೆ ಮಾತು ಶುರುಮಾಡಿದಳು, ನಾದಿನಿ ಅವಳ ಭುಜದ ಮೇಲೆ ಕೈಯಿಟ್ಟು ನಿಂತಳು. ಮಾತುಕತೆ ಒಂದೇ ದಿನಕ್ಕೆ ಮುಗಿಯಲಿಲ್ಲ. ಯಜಮಾನರು ಮುನಿಸಿಕೊಂಡರು, ಲೆಕ್ಕ ಹಾಕಿದರು, ಕೊನೆಗೆ ಒಪ್ಪಿದರು. ಕನಿಷ್ಠ ಕೂಲಿಗಿಂತ ಒಂದಿಷ್ಟು ಮೇಲೆಯೇ, ಎಲ್ಲರಿಗೂ ಸೇರಿ ಒಂದೇ ಒಪ್ಪಂದ.

ಸಹಿಯ ದಿನ ಯಜಮಾನರು ತಮ್ಮ ಪುಟ್ಟ ಫ್ಲಾಸ್ಕಿನ ಕಡೆ ಪೆಚ್ಚಾಗಿ ನೋಡಿದರು.

"ಯೋಚನೆ ಮಾಡ್ಬೇಡಿ ಯಜಮಾನ್ರೇ," ಎಂದಳು ಅತ್ತಿಗೆ, ದೊಡ್ಡ ಕೆಟಲ್ ಮೇಜಿನ ಮೇಲಿಟ್ಟು. "ಚಹಾ ಈ ಸಲ ನಮ್ಮದು. ನೀವೂ ಕುಡೀರಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸಕ್ಕೆ ಕನಿಷ್ಠ ಕೂಲಿ ಎಷ್ಟೆಂದು ಕಾರ್ಮಿಕ ಕಚೇರಿಯಲ್ಲೋ ಸಂಘದಲ್ಲೋ ಇವತ್ತೇ ವಿಚಾರಿಸಿ. "ಯಾರಿಗೂ ಹೇಳಬೇಡ" ಎಂದು ಯಾರಾದರೂ ಸಹಿ ಕೇಳಿದರೆ, ಪೆನ್ನು ಕೆಳಗಿಟ್ಟು ಮೊದಲು ಪಕ್ಕದವರಿಗೆ ಹೇಳಿ.